ಪೈಲಟ್ ತರಬೇತಿಯ ಖರ್ಚು, ಜರ್ಮನಿಯ ತೆರಿಗೆ ಲೆಕ್ಕ

ಜರ್ಮನಿಯ ಒಂದು ವೈಮಾನಿಕ ತರಬೇತಿ ಶಾಲೆಗೆ ಇಬ್ಬರು ಸೇರುತ್ತಾರೆ ಎಂದಿಟ್ಟುಕೊಳ್ಳಿ. ಒಬ್ಬಳು ಆಗಷ್ಟೇ ಶಾಲೆ ಮುಗಿಸಿದವಳು. ಇನ್ನೊಬ್ಬ ಮೂರು ವರ್ಷ ನರ್ಸಿಂಗ್ ಕಲಿತು, ಆಸ್ಪತ್ರೆಯಲ್ಲಿ ದುಡಿದು, ಆ ಕೆಲಸ ಬಿಟ್ಟು ಬಂದವನು. ಇಬ್ಬರೂ ಸಾಲ ಮಾಡಿ ಎರಡು ವರ್ಷಗಳಲ್ಲಿ ತಲಾ 80,000 ಯೂರೊ ಕಟ್ಟುತ್ತಾರೆ. ಶುಲ್ಕ ಒಂದೇ ಆದರೂ ತೆರಿಗೆಯ ಲೆಕ್ಕ ಒಂದೇ ಅಲ್ಲ.

ನರ್ಸ್ ಆಗಿದ್ದವನಿಗೆ ಇದು ಎರಡನೆಯ ವೃತ್ತಿ ಶಿಕ್ಷಣ. ಸಂಬಳ ಗಳಿಸುವುದಕ್ಕಾಗಿ ಮಾಡಿದ ಖರ್ಚು ಎಂದು ಕಾನೂನು ಇದನ್ನು ಪೂರ್ತಿಯಾಗಿ ಒಪ್ಪುತ್ತದೆ. ಕಲಿಯುವಾಗ ಆದಾಯವಿಲ್ಲದಿದ್ದರೆ ಆ ಮೊತ್ತ ನಷ್ಟವೆಂದು ದಾಖಲಾಗಿ ಮುಂದಿನ ವರ್ಷಗಳಿಗೆ ಸಾಗುತ್ತದೆ. ಕೆಲಸ ಸಿಕ್ಕ ಮೇಲೆ ಸಂಬಳದಿಂದ ಅದನ್ನು ಕಳೆದು, ಉಳಿದದ್ದಕ್ಕಷ್ಟೇ ತೆರಿಗೆ. (ನಮ್ಮಲ್ಲಿ ಸಂಬಳದಾರರಿಗೆ ಈ ಸೌಲಭ್ಯವೇ ಇಲ್ಲ, ಹಳೆಯ ತೆರಿಗೆ ಪದ್ಧತಿಯಲ್ಲಿ ಉನ್ನತ ಶಿಕ್ಷಣ ಸಾಲದ ಬಡ್ಡಿಗೆ ಮಾತ್ರ ವಿನಾಯಿತಿ.)

ಹುಡುಗಿಯದು ಮೊದಲ ವೃತ್ತಿ ಶಿಕ್ಷಣ. ಅವಳು ವರ್ಷಕ್ಕೆ ಹೆಚ್ಚೆಂದರೆ 6,000 ಯೂರೊ ಕಳೆಯಬಹುದು, ಅದೂ ಆಯಾ ವರ್ಷದ ಆದಾಯದಿಂದಲೇ. ಆದಾಯವೇ ಇಲ್ಲದವಳು ಯಾವುದರಿಂದ ಕಳೆಯಬೇಕು? ಈ ಬಾಬತ್ತು ಮುಂದಿನ ವರ್ಷಕ್ಕೆ ಹೋಗುವುದಿಲ್ಲ. ಹೀಗಾಗಿ ಅವಳಿಗೆ ದಕ್ಕುವುದು ಸೊನ್ನೆ. ಉದ್ಯೋಗದಾತರೇ ಸಂಬಳ ಕೊಟ್ಟು ಕಲಿಸುವ ಒಪ್ಪಂದವಿದ್ದರೆ ಮಾತ್ರ ಈ ಕಟ್ಟು ಅನ್ವಯಿಸದು.

2011ರಲ್ಲಿ ಅಲ್ಲಿನ ಅತ್ಯುನ್ನತ ತೆರಿಗೆ ನ್ಯಾಯಾಲಯ ಮೊದಲ ಶಿಕ್ಷಣದ ಖರ್ಚನ್ನೂ ಕಳೆಯಬಹುದೆಂದು ಹೇಳಿತ್ತು. ಅದೇ ವರ್ಷ ಸಂಸತ್ತು ಕಾನೂನು ತಿದ್ದಿ, 2004ರಿಂದಲೇ ಅನ್ವಯವಾಗುವಂತೆ ಆ ದಾರಿ ಮುಚ್ಚಿತು. ಪ್ರಶ್ನೆ ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ಆ ಪ್ರಕರಣಗಳಲ್ಲಿ ಪೈಲಟ್‌ಗಳವೂ ಇದ್ದವು. 2019ರ ನವೆಂಬರ್‌ನಲ್ಲಿ ನ್ಯಾಯಾಲಯ ಸಂಸತ್ತಿನ ಪರ ನಿಂತಿತು. ಮೊದಲ ಶಿಕ್ಷಣ ಕೆಲಸಕ್ಕಷ್ಟೇ ಅಲ್ಲ, ವ್ಯಕ್ತಿತ್ವವನ್ನೂ ರೂಪಿಸುತ್ತದೆ. ಮಕ್ಕಳನ್ನು ಓದಿಸುವುದು ತಂದೆತಾಯಿಯ ಹೊಣೆಯೂ ಹೌದು. ಆದ್ದರಿಂದ ಅದನ್ನು ಖಾಸಗಿ ಬದುಕಿನ ಖರ್ಚಿನೊಂದಿಗೆ ಸೇರಿಸಿದ್ದು ತಪ್ಪಲ್ಲ ಎಂಬುದು ಅದರ ವಾದ.

ಜಾಣರು ಒಳದಾರಿ ಹುಡುಕದೆ ಇರಲಿಲ್ಲ. ಕೆಲವೇ ತಿಂಗಳ ಗಗನಸಖಿ ತರಬೇತಿಯನ್ನು ‘ಮೊದಲ ಶಿಕ್ಷಣ’ ಎಂದು ತೋರಿಸಿದರೆ ಪೈಲಟ್ ತರಬೇತಿ ತಾನಾಗಿ ಎರಡನೆಯದಾಗುತ್ತಿತ್ತು. ತೆರಿಗೆ ನ್ಯಾಯಾಲಯ 2013ರಲ್ಲಿ ಇದನ್ನು ಒಪ್ಪಿಯೂ ಇತ್ತು. 2015ರಿಂದ ಮೊದಲ ಶಿಕ್ಷಣ ಕನಿಷ್ಠ 12 ತಿಂಗಳ ಪೂರ್ಣಾವಧಿಯದ್ದಾಗಿರಬೇಕು.

ಈ ಒಳದಾರಿ ಮುಚ್ಚಿದ್ದು ಸರಿ. ಆದರೆ ಸಾವಿರಾರು ಯೂರೊ ತೆತ್ತು ಕಾಕ್‌ಪಿಟ್‌ನಲ್ಲಿ ಕಲಿಯುವ ವಿದ್ಯೆ ವ್ಯಕ್ತಿತ್ವಕ್ಕಿಂತ ಉದ್ಯೋಗಕ್ಕೇ ಹೆಚ್ಚು ಹತ್ತಿರ ಎಂದು ನನಗನಿಸುತ್ತದೆ. ಪೂರ್ತಿ ವಿನಾಯಿತಿ ಬೇಡವೆಂದರೂ ವರ್ಷದ ಆ 6,000 ಯೂರೊವನ್ನಾದರೂ ದುಡಿಯುವ ವರ್ಷಗಳಿಗೆ ಒಯ್ಯಲು ಸಂಸತ್ತು ಬಿಡಬೇಕಿತ್ತು.