ಸೈಕಲ್ಲಾದ ಅಂಚೆಯವನು, ಲೋಕಲ್ಲಾದ ನಾವು

ದಿನಾ ಸೈಕಲ್ ತುಳಿಯುವವನ ಅಣುಗಳು ಸೈಕಲ್ಲಿಗೂ ಸೈಕಲ್ಲಿನವು ಅವನಿಗೂ ಸೇರುತ್ತವಂತೆ. ವರ್ಷಗಳು ಕಳೆದಂತೆ ಊರಿನ ಅಂಚೆಯವನು ಅರ್ಧಕ್ಕಿಂತ ಹೆಚ್ಚು ಸೈಕಲ್ಲೇ ಆಗಿಬಿಡುತ್ತಾನೆ. ಗೋಡೆಗೆ ಮೊಣಕೈ ಊರಿ ನಿಲ್ಲುವುದು ಇದರ ಲಕ್ಷಣ. ಐರ್ಲೆಂಡಿನ ಫ್ಲ್ಯಾನ್ ಓಬ್ರಿಯನ್ ಅವರ 'ದಿ ಥರ್ಡ್ ಪೊಲೀಸ್‌ಮನ್' ಕಾದಂಬರಿಯಲ್ಲಿ ಇದನ್ನು ಗಂಭೀರವಾಗಿ ವಿವರಿಸುವವನು ಒಬ್ಬ ಪೊಲೀಸ್ ಸಾರ್ಜೆಂಟ್. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಇಪ್ಪತ್ತೈದು ವರ್ಷ ಓಡಾಡಿದವರಿಗೆ ಈ ಸಿದ್ಧಾಂತವನ್ನು ಬಿಡಿಸಿ ಹೇಳಬೇಕಿಲ್ಲ. ನಿವೃತ್ತಿಯ ನಂತರವೂ ಮನೆಯ ಸೋಫಾದ ತುದಿಯಲ್ಲಿ ನಾಲ್ಕನೇ ಸೀಟಿನವರ ಹಾಗೆ ಒಂದೇ ತೊಡೆಯೂರಿ ಕೂರುವ ಹಿರಿಯರು ನಮ್ಮಲ್ಲಿ ಎಷ್ಟಿಲ್ಲ!

ಓಬ್ರಿಯನ್ ಅವರ ನಿಜನಾಮ ಬ್ರಯನ್ ಓನೋಲನ್. ಡಬ್ಲಿನ್ನಿನಲ್ಲಿ ಸರಕಾರಿ ನೌಕರಿ, ಜೊತೆಗೆ ಇನ್ನೊಂದು ಹೆಸರಲ್ಲಿ ಪತ್ರಿಕೆಗೆ ಅಂಕಣ. 1940ರಲ್ಲಿ ಮುಗಿಸಿದ ಈ ಕಾದಂಬರಿಯನ್ನು ಪ್ರಕಾಶಕರು ಒಲ್ಲೆನೆಂದರು. ಅವರು ಹಸ್ತಪ್ರತಿ ಕಳೆದುಹೋಯಿತೆಂದು ಗೆಳೆಯರಿಗೆ ಹೇಳಿ ಸುಮ್ಮನಾದರು. 1966ರಲ್ಲಿ ತೀರಿಕೊಂಡರು, ಪುಸ್ತಕ ಬಂದದ್ದು 1967ರಲ್ಲಿ. ಕಥಾನಾಯಕ ಕೊಲೆಗೆ ಕೈಹಾಕುವುದೂ ತಾನು ಬರೆದ ಪುಸ್ತಕ ಅಚ್ಚುಹಾಕಿಸುವ ದುಡ್ಡಿಗಾಗಿ!

2005ರಲ್ಲಿ 'ಲಾಸ್ಟ್' ಎಂಬ ಅಮೆರಿಕನ್ ಟಿವಿ ಸರಣಿಯಲ್ಲಿ ಈ ಪುಸ್ತಕ ಕ್ಷಣಮಾತ್ರ ಕಾಣಿಸಿತು. ದ್ವೀಪದ ರಹಸ್ಯದ ಕೀಲಿಕೈ ಇದರಲ್ಲಿದೆಯೆಂದು ವೀಕ್ಷಕರು ಸಾವಿರಾರು ಪ್ರತಿ ಕೊಂಡರು. ಗುಟ್ಟು ಹೇಳದೆ ವಿಧಿಯಿಲ್ಲ: ನಾಯಕ ಸತ್ತಿದ್ದಾನೆ, ಅವನಿಗೆ ಅದು ಗೊತ್ತಿಲ್ಲ; ಅದೇ ಪೊಲೀಸ್ ಠಾಣೆಗೆ ಮತ್ತೆ ಮೊದಲ ಸಲವೆಂಬಂತೆ ಬರುತ್ತಾನೆ. ಹಾಗಾಗಿ ದ್ವೀಪದವರೂ ಸತ್ತವರೇ ಎಂದು ಹಲವರು ವಾದಿಸಿದರು. ಸರಣಿ ಹಾಗೆ ಮುಗಿಯಲಿಲ್ಲ. ನನ್ನ ಮಟ್ಟಿಗೆ ಇಲ್ಲಿ ಭಯ ಹುಟ್ಟಿಸುವುದು ಸಾವಲ್ಲ, ಮರೆವು. ಮಾಡಿದ ಕೊಲೆಯ ಅಳುಕಿಲ್ಲ, ತನ್ನ ಹೆಸರೂ ನೆನಪಿಲ್ಲ. ಶಿಕ್ಷೆ ಮಾತ್ರ ಪ್ರತಿಸಲ ಹೊಸದು.

ಇದನ್ನೋದುವಾಗ ನಮ್ಮ ಮುಂಬಯಿಯ ಯಶವಂತ ಚಿತ್ತಾಲರ 'ಶಿಕಾರಿ' (1979) ನೆನಪಾಗದಿರದು. ಅಲ್ಲಿನ ನಾಗಪ್ಪನದು ತಿರುಗುಮುರುಗು ಅವಸ್ಥೆ. ಏನು ಅಪರಾಧವೆಂದು ತಿಳಿಯದೆಯೇ ಕಂಪನಿಯಿಂದ ಅಮಾನತಾಗುತ್ತಾನೆ. ಅವನು ಏನನ್ನೂ ಮರೆಯಲಾರ, ಹನೇಹಳ್ಳಿಯ ಬಾಲ್ಯದ ತನಕ ಕೆದಕುತ್ತಾನೆ. ನೌಕರಿಗಾಗಿ ಊರು ಬಿಟ್ಟು ಬಂದ ನಮಗೆ ಐರಿಷ್ ನರಕಕ್ಕಿಂತ ಇದೇ ಹತ್ತಿರದ್ದು. ಆದರೆ ಕಲ್ಯಾಣ, ವಾಶಿಯ ನಮ್ಮ ಮಕ್ಕಳಿಗೆ 'ಲಾಸ್ಟ್' ಗೊತ್ತು, ನಾಗಪ್ಪ ಗೊತ್ತಿಲ್ಲ. ಯಾವುದೋ ವೆಬ್ ಸರಣಿಯವರು 'ಶಿಕಾರಿ'ಯ ಮುಖಪುಟ ತೋರಿಸುವವರೆಗೆ ಕಾಯಬೇಕೆ? ದಾದರಿನಿಂದ ಡೊಂಬಿವಲಿಯೊಳಗೆ ಹತ್ತಿಪ್ಪತ್ತು ಪುಟವನ್ನಾದರೂ ಮಕ್ಕಳಿಗೆ ಓದಿ ಹೇಳಬಹುದು, ಸೀಟು ಸಿಕ್ಕರೆ.