ಟೋಪಿ ಹಾಕಿಸಿಕೊಳ್ಳದ ಟೋಪಿ ಸಂಗ್ರಹ

ಅಂಚೆಚೀಟಿ, ನಾಣ್ಯ, ಬೆಂಕಿಪೊಟ್ಟಣ ಕೂಡಿಹಾಕುವ ಮಕ್ಕಳು ಎಲ್ಲ ಊರುಗಳಲ್ಲೂ ಇದ್ದಾರೆ. ಹಳೆಯ ಜರ್ಮನ್ ಸೇನಾಧಿಕಾರಿಗಳ ಟೋಪಿ ಸಂಗ್ರಹಿಸುವುದು ಮಾತ್ರ ದುಬಾರಿ ಹವ್ಯಾಸ. ಕೊಳ್ಳೇಗಾಲದ ಹುಡುಗನಿಗೆ ಅದರ ಗೊಡವೆ ಏಕೆ ಎಂದು ತಂದೆತಾಯಿಗಳು ಕೇಳಬಹುದು.

ಗೊಡವೆ ಇದೆ. 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರ ಸಂಸ್ಥಾನಗಳ ಲ್ಯಾನ್ಸರ್ ಕುದುರೆ ಪಡೆಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ಗೆದ್ದವು. ಅಂದು ಸೆರೆಸಿಕ್ಕ ಸುಮಾರು 1,350 ಮಂದಿಯಲ್ಲಿ ಹೆಚ್ಚಿನವರು ತುರ್ಕಿ ಸೇನೆಯವರು; ಇಬ್ಬರು ಜರ್ಮನ್ ಅಧಿಕಾರಿಗಳೂ ಇದ್ದರು. ಮೈಸೂರು ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. (ಆಗ ಯಳಂದೂರು ಮೈಸೂರಿಗೂ, ಕೊಳ್ಳೇಗಾಲ-ಹನೂರು ಮದರಾಸಿಗೂ ಸೇರಿದ್ದವು.)

ಈಗ ಯಾರೋ ಒಂದು ಟೋಪಿ ತಂದು, "ಇದು ಆ ಇಬ್ಬರಲ್ಲಿ ಒಬ್ಬನದು, ತಾತ ಯುದ್ಧದಿಂದ ತಂದದ್ದು" ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಬರೀ ಕತೆಗೆ ದುಡ್ಡು ಕೊಟ್ಟವರಿಗೆ ಟೋಪಿ ಬಿದ್ದಂತೆಯೇ ಸರಿ. ಪ್ರಶ್ನೆಯನ್ನು ಟೋಪಿಗೇ ಕೇಳಬೇಕು.

ಮೊದಲು ಚಿಹ್ನೆ ನೋಡಿ. ಆ ಯುದ್ಧಕಾಲದ ಅಧಿಕಾರಿಯ ಟೋಪಿಯ ಮುಂದೆ ಎರಡು ದುಂಡು ಬಿಲ್ಲೆಗಳಿರುತ್ತಿದ್ದವು. ಮೇಲಿನದು ಜರ್ಮನ್ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪು. ಕೆಳಗಿನದು ಪ್ರಷ್ಯಾ, ಬವೇರಿಯಾದಂಥ ಸೀಮೆಯದು. ಹದ್ದಿನ ಜೊತೆ ಸ್ವಸ್ತಿಕ ಇದ್ದರೆ ಅದು 1933ರ ನಂತರದ ಹಿಟ್ಲರನ ಕಾಲದ್ದು. ತಾತನ ಕತೆ ಅಲ್ಲಿಗೇ ಮುಗಿಯಿತು.

ಆಮೇಲೆ ಎಳೆ. ಇದು ಕೊಳ್ಳೇಗಾಲದ ನೇಕಾರರ ಮನೆಯ ಮಕ್ಕಳಿಗೆ ಬೇಗ ಅರ್ಥವಾಗುವ ವಿಷಯ. ಅಸಲಿ ಜರಿ ಎಂದರೆ ರೇಷ್ಮೆ ನೂಲಿಗೆ ಬೆಳ್ಳಿ ತಂತಿ ಸುತ್ತಿ ಚಿನ್ನದ ಲೇಪ ಕೊಟ್ಟದ್ದು. ಕಲ್ಲಿಗೆ ಉಜ್ಜಿದಾಗ ಕೆಂಪು ಇಣುಕಿದರೆ ಒಳಗೆ ತಾಮ್ರ. ಹಿಟ್ಲರನ ಕಾಲದ ಅಧಿಕಾರಿ ಟೋಪಿಗಳ ಹುರಿ, ಕಸೂತಿ ಬಹುಮಟ್ಟಿಗೆ ಅಲ್ಯೂಮಿನಿಯಂ ಎಳೆಯವು. ಬೆಳ್ಳಿಯು ಗಂಧಕದೊಡನೆ ಸೇರಿ ಸಿಲ್ವರ್ ಸಲ್ಫೈಡ್ ಆಗಿ ಕಪ್ಪಾಗುತ್ತದೆ. ಅಲ್ಯೂಮಿನಿಯಂ ತನ್ನದೇ ಆಕ್ಸೈಡಿನ ತೆಳು ಪೊರೆ ಹೊದ್ದು ಮಂಕಾಗುತ್ತದೆ, ಅಷ್ಟೆ. ಬೆಳ್ಳಿಗೆ ಗಂಧಕ ಬರುವುದೆಲ್ಲಿಂದ? ಗಾಳಿಯಿಂದ, ಜೊತೆಗೆ ಟೋಪಿಯ ಉಣ್ಣೆಯಿಂದಲೂ! ಉಣ್ಣೆಯ ಕೆರಾಟಿನ್ ಪ್ರೋಟೀನಿನಲ್ಲಿ ಗಂಧಕವಿದೆ, ರೇಷ್ಮೆಯ ಫೈಬ್ರಾಯಿನ್‌ನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬೆಳ್ಳಿಗೆ ರೇಷ್ಮೆ ಒಳ್ಳೆಯ ನೆರೆ, ಉಣ್ಣೆ ಅಲ್ಲ.

ಖೋಟಾ ನೋಟು ಹಿಡಿಯಲು ಅಂಗಡಿಗಳಲ್ಲಿ ಇಡುವ ನೇರಳಾತೀತ ದೀಪವೂ ಇಲ್ಲಿ ನೆರವಿಗೆ ಬರುತ್ತದೆ. ಬಟ್ಟೆಯನ್ನು ಬೆಳ್ಳಗೆ ತೋರಿಸುವ ರಾಸಾಯನಿಕಗಳು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೆಯ ಮಹಾಯುದ್ಧದ ನಂತರ. ಆ ದೀಪದಡಿ ಹೊಲಿಗೆಯ ದಾರ ನೀಲಿಯಾಗಿ ಫಳಫಳಿಸಿದರೆ ಅನುಮಾನಿಸಬೇಕು. ಆದರೆ ಹಳೆಯ ಟೋಪಿಯನ್ನು ಯಾರೋ ಇತ್ತೀಚೆಗೆ ಸೋಪಿನ ಪುಡಿಯಲ್ಲಿ ಒಗೆದಿದ್ದರೂ ಹೀಗೇ ಹೊಳೆಯುತ್ತದೆ! ಒಂದೇ ಪರೀಕ್ಷೆಯಿಂದ ತೀರ್ಪು ಕೊಡುವಂತಿಲ್ಲ. ಉದುರಿದ ಒಂದು ಎಳೆಯನ್ನು ಹಿರಿಯರ ಎದುರಿನಲ್ಲೇ ಸುಟ್ಟು ನೋಡಬಹುದು. ಉಣ್ಣೆ ಕೂದಲು ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದೇ 1941ರಲ್ಲಿ, ಇಂಗ್ಲೆಂಡಿನಲ್ಲಿ.

ನಾಜಿ ಟೋಪಿಗಳ ವಿಷಯದಲ್ಲಿ ಇನ್ನೊಂದು ಮಾತು. ಜರ್ಮನಿಯಲ್ಲೇ ಆ ಚಿಹ್ನೆಗಳನ್ನು ಸಾರ್ವಜನಿಕವಾಗಿ ಮೆರೆಸುವುದು ಅಪರಾಧ. ಶಿಕ್ಷಣ, ಸಂಶೋಧನೆಗಳಿಗೆ ವಿನಾಯಿತಿ ಇದೆ. ಲಕ್ಷಾಂತರ ಜನರನ್ನು ಕೊಂದ ಆಡಳಿತದ ಟೋಪಿಯನ್ನು ಸಾಕ್ಷ್ಯವಾಗಿ ಇಡುವುದು ಬೇರೆ, ಹಾಕಿಕೊಂಡು ಫೋಟೊ ತೆಗೆಸಿಕೊಳ್ಳುವುದು ಬೇರೆ. ಮಕ್ಕಳು ಅಂಥದ್ದನ್ನು ಕೇಳಿದಾಗ ಗದರುವ ಮೊದಲು ಈ ವ್ಯತ್ಯಾಸವನ್ನು ತಿಳಿಸಿ.

ಕೈಯಿಂದ ಕಾಸು ಹಾಕದೆ ಶುರುಮಾಡುವುದಾದರೆ ಮನೆಯ ಟ್ರಂಕು ತೆರೆಯಿರಿ. ಒಮ್ಮೆ ಪೂರ್ಣಯ್ಯನವರ ಜಹಗೀರಾಗಿದ್ದ ಯಳಂದೂರಾಗಲಿ, ಕೊಳ್ಳೇಗಾಲ, ಹನೂರುಗಳಾಗಲಿ, ಮುತ್ತಜ್ಜನ ಜರಿ ಪೇಟ ಸಿಕ್ಕರೆ ಅದೇ ಸಂಗ್ರಹದ ಮೊದಲ ವಸ್ತು. ಅದಕ್ಕೆ ರಬ್ಬರ್ ಬ್ಯಾಂಡ್ ಹಾಕಬೇಡಿ, ರಬ್ಬರಿಗೆ ಗಂಧಕ ಬೆರೆಸಿರುತ್ತಾರೆ. ಹಳೆಯ ಪತ್ರಿಕೆಯಲ್ಲಿ ಸುತ್ತಬೇಡಿ, ಆ ಕಾಗದದಲ್ಲಿ ಆಮ್ಲವಿದೆ. ಒಗೆದು ಒಣಗಿಸಿದ ಬಿಳಿ ಹತ್ತಿ ಬಟ್ಟೆ ಸಾಕು. ಯಾರದು, ಯಾವ ವರ್ಷದ್ದು, ಯಾರು ಹೇಳಿದ್ದು ಎಂಬುದನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಜೊತೆಗಿಡಿ. ಶಾಯಿಯಾದರೆ ತೇವಕ್ಕೆ ಹರಡುತ್ತದೆ.