ಓದೋರು ಎಲ್ಲಿದ್ರೂ ಓದ್ತಾರಂತೆ!

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ನಮ್ಮೂರ ಕಡೆ ಎರಡು ಮಾತು ಗ್ಯಾರಂಟಿ ಕೇಳಿಸುತ್ತವೆ. ಒಳ್ಳೆ ಮಾರ್ಕ್ಸ್ ಬಂದವರ ಮನೆ ಮುಂದೆ ‘ಹುಡುಗನಿಗೆ ತಲೆ ಐತೆ’. ಫೇಲಾದವರ ಮನೆ ಮುಂದೆ ‘ಓದೋರು ಎಲ್ಲಿದ್ರೂ ಓದ್ತಾರೆ ಬುಡಿ’. ಎರಡನೇ ಮಾತಿಗೆ ಸಾಕ್ಷಿಯಾಗಿ ಸರ್ ಎಂ. ವಿಶ್ವೇಶ್ವರಯ್ಯನವರ ಬೀದಿದೀಪದ ಕಥೆ ಬಂದೇ ಬರುತ್ತದೆ. ಎಂಜಿನಿಯರಿಂಗ್ ಓದುವ ನಮಗಂತೂ ಪ್ರತಿ ಸೆಪ್ಟೆಂಬರ್ 15ರಂದು ಆ ಕಥೆ ಹೇಳಿಯೇ ಸಿಹಿ ಹಂಚುತ್ತಾರೆ. ಕಥೆಯ ಬಗ್ಗೆ ನನಗೆ ತಕರಾರಿಲ್ಲ. ದೀಪದ ಕೆಳಗೆ ಕೂರುವಷ್ಟು ಹೊತ್ತು ಯಾರಿಗೆ ಸಿಗುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ನಾನು ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯವನು. ಈಗ ಬಿಇ ಐದನೇ ಸೆಮಿಸ್ಟರ್. 2022ರಲ್ಲಿ ಎಸ್ಸೆಸ್ಸೆಲ್ಸಿ ಬರೆದಾಗ ನನಗೂ ನನ್ನ ಬೆಂಚ್‌ಮೇಟ್‌ಗೂ ಒಂದೇ ಶಾಲೆ, ಒಂದೇ ಮೇಷ್ಟ್ರು, ಒಂದೇ ಸರ್ಕಾರಿ ಪುಸ್ತಕ. ನನಗೆ ಶೇ 87 ಬಂತು, ಅವನಿಗೆ ಶೇ 56. ಗಣಿತದಲ್ಲಿ ಅವನು ನನಗಿಂತ ಚುರುಕು ಅನ್ನುವುದು ಇಡೀ ಕ್ಲಾಸಿಗೆ ಗೊತ್ತಿತ್ತು. ಹಾಗಾದರೆ ನಡುವಿನ ಆ 31 ಪರ್ಸೆಂಟ್ ಏನು?

ನಮ್ಮಪ್ಪ ಬಸ್ ಕಂಡಕ್ಟರ್. ತಿಂಗಳಿಗೊಮ್ಮೆ ಸಂಬಳ, ಮನೆಯಲ್ಲಿ ನನಗೊಂದು ಟೇಬಲ್ಲು, ಸಂಜೆ ಆರರಿಂದ ಹತ್ತರವರೆಗೆ ‘ಅವನನ್ನ ಕೂಗಬೇಡಿ, ಓದ್ತಾವ್ನೆ’ ಅನ್ನುವ ಅಮ್ಮ. ಅವನ ಮನೆಯಲ್ಲಿ ರೇಷ್ಮೆ ಹುಳು. ಹುಳು ಸಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಹುಳು ನಾಲ್ಕು ಸಲ ಜ್ವರಕ್ಕೆ ಕೂತು ಏಳುತ್ತದೆ, ಅಂದರೆ ಪೊರೆ ಬಿಡುತ್ತದೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಅದು ತನ್ನ ಇಡೀ ಆಯಸ್ಸಿನ ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ತಿಂದು ಮುಗಿಸುತ್ತದೆ. ಬೆಳಗಿನ ಜಾವ ತೋಟಕ್ಕೆ ಹೋಗಿ ಹಿಪ್ಪುನೇರಳೆ ಕಡ್ಡಿ ಕೊಯ್ದು ತರಬೇಕು, ರಾತ್ರಿ ಮಲಗುವ ಮುಂಚೆ ಮತ್ತೊಂದು ಸಲ ಸೊಪ್ಪು ಹಾಕಬೇಕು. ಆಮೇಲೆ ಹುಳು ಹಣ್ಣಾದ ದಿನ ಮನೆಮಂದಿಯೆಲ್ಲ ಕೂತು ಒಂದೊಂದನ್ನೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಆ ದಿನ ‘ನನಗೆ ನಾಳೆ ಸೈನ್ಸ್ ಪೇಪರ್’ ಅಂದರೆ ಹುಳು ಕಾಯುವುದಿಲ್ಲ. ಮನೆಯವರು ಕೆಟ್ಟವರಲ್ಲ. ಚಾಕಿ ಹುಳುವಿಗೆ ಸಾಲ ಮಾಡಿದ್ದಾರೆ, ಆ ಬೆಳೆ ಹೋದರೆ ಮಗನ ಪಿಯು ಫೀಸೂ ಹೋಗುತ್ತದೆ. ನಮ್ಮ ಪರೀಕ್ಷೆ ಮಾರ್ಚ್ ಕೊನೆಗೆ ಶುರುವಾಗಿ ಏಪ್ರಿಲ್‌ಗೆ ಮುಗಿಯಿತು. ಅವನ ಮನೆಯ ಹುಳು ಅದೇ ದಿನಗಳಲ್ಲಿ ನಾಲ್ಕನೇ ಜ್ವರ ಎದ್ದಿತ್ತು.

ಅದಕ್ಕೆ ಹಿಂದಿನ ವರ್ಷ ಕೊರೊನಾ. ಒಂಬತ್ತನೇ ಕ್ಲಾಸನ್ನು ನಾವು ಚಂದನ ವಾಹಿನಿಯ ಪಾಠ, ವಿದ್ಯಾಗಮ, ವಾಟ್ಸ್ಆ್ಯಪ್ ಅಂತ ಹೇಗೋ ದಾಟಿದೆವು. ನನ್ನ ಕೈಗೆ ಅಪ್ಪನ ಹಳೇ ಮೊಬೈಲ್ ಬಂದಿತ್ತು. ಅವನ ಮನೆಯ ಒಂದೇ ಮೊಬೈಲ್ ಅವರಣ್ಣನ ಜೊತೆ ಬಿಡದಿ ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಿತ್ತು.

ಇದಕ್ಕೆಲ್ಲ ಒಂದು ಹೆಸರಿದೆ ಅನ್ನುವುದು ನನಗೆ ಗೊತ್ತಾಗಿದ್ದು ಅಕ್ಕನ ಬಿ.ಇಡಿ ಪುಸ್ತಕದಿಂದ. (ನಮ್ಮ ಸಿಲಬಸ್ಸಿನಲ್ಲಿ ಸಮಾಜಶಾಸ್ತ್ರ ಎಲ್ಲಿ ಬರುತ್ತೆ?) ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದಿಯು ಅದನ್ನು ‘ಸಾಂಸ್ಕೃತಿಕ ಬಂಡವಾಳ’ ಅಂದ. ಮನೆಯಲ್ಲಿನ ಭಾಷೆ, ಪುಸ್ತಕ, ಓದಿದವರ ಒಡನಾಟ, ಮೇಷ್ಟ್ರ ಹತ್ತಿರ ಅಳುಕದೆ ಮಾತಾಡುವ ರೂಢಿ, ಇವೂ ದುಡ್ಡಿನ ಹಾಗೆಯೇ ಅಪ್ಪ ಅಮ್ಮನಿಂದ ಮಕ್ಕಳಿಗೆ ಬರುವ ಆಸ್ತಿ. ಶಾಲೆ ಈ ಆಸ್ತಿಗೆ ಅಂಕ ಕೊಟ್ಟು ಅದನ್ನು ‘ಪ್ರತಿಭೆ’ ಎಂದು ಕರೆಯುತ್ತದೆ. ಅಮೆರಿಕದಲ್ಲಿ ಜೇಮ್ಸ್ ಕೋಲ್ಮನ್ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳ ಲೆಕ್ಕ ಹಿಡಿದು 1966ರಲ್ಲಿ ಕೊಟ್ಟ ವರದಿಯೂ ಇದರ ಹತ್ತಿರವೇ ಬಂದಿತ್ತು: ಮಕ್ಕಳ ಸಾಧನೆಯ ವ್ಯತ್ಯಾಸವನ್ನು ಶಾಲೆಯ ಕಟ್ಟಡ, ಲ್ಯಾಬುಗಳಿಗಿಂತ ಮನೆಯ ಹಿನ್ನೆಲೆ ಹೆಚ್ಚು ನಿರ್ಧರಿಸುತ್ತದೆ.

ಹಾಗಂತ ಇದೆಲ್ಲ ಹೊರದೇಶದ ಸರಕು ಅಂದುಕೊಳ್ಳಬೇಡಿ. ಮೈಸೂರು ರಾಜ್ಯದ ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟಾಗ, ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಒಂದೊಂದು ಸಮುದಾಯದ ಸಾವಿರ ಜನಕ್ಕೆ ಎಷ್ಟು ಮಕ್ಕಳಿದ್ದಾರೆ ಎಂದು ಎಣಿಸಿತ್ತು. ರಾಜ್ಯದ ಸರಾಸರಿ ಸಾವಿರಕ್ಕೆ 6.9. 1975ರ ಹಾವನೂರು ಆಯೋಗ ಎಸ್ಸೆಸ್ಸೆಲ್ಸಿ ಪಾಸಾದವರ ಲೆಕ್ಕವನ್ನೇ ಅಳತೆಗೋಲು ಮಾಡಿಕೊಂಡಿತು. ಅಂದರೆ ನಮ್ಮ ರಾಜ್ಯಕ್ಕೆ ಅರವತ್ತು ವರ್ಷದ ಹಿಂದೆಯೇ ಗೊತ್ತಿತ್ತು, ಶಾಲೆಯ ಲೆಕ್ಕದಲ್ಲಿ ಕಾಣುವುದು ಮಗುವಿನ ತಲೆ ಒಂದೇ ಅಲ್ಲ ಅಂತ. ನಮ್ಮ ಬೀದಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿಲ್ಲ.

‘ಕೂಲಿ ಮಾಡುವವರ ಮಗಳು 625ಕ್ಕೆ 620 ತೆಗೆಯಲಿಲ್ಲವೇ?’ ಎಂದು ನೀವು ಕೇಳಬಹುದು. ತೆಗೆದಿದ್ದಾಳೆ, ಫೋಟೊ ಪೇಪರಿನಲ್ಲಿ ಬಂದಿದೆ. ಅದು ಸುದ್ದಿಯಾಗುವುದೇ ಅಪರೂಪವಾದ್ದರಿಂದ. ಡಾಕ್ಟರ್ ಮಗ 620 ತೆಗೆದರೆ ಅವರಪ್ಪನ ಕೆಲಸವನ್ನು ಯಾರೂ ಹೆಡ್ಡಿಂಗ್‌ನಲ್ಲಿ ಹಾಕುವುದಿಲ್ಲ. ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು: ಅದೇ ಹುಳುಮನೆಯ ಹುಡುಗಿಯರು ಹುಡುಗರಿಗಿಂತ ಮುಂದಿರುತ್ತಾರಲ್ಲ, ಹೇಗೆ? ಪ್ರತಿ ವರ್ಷದ ಫಲಿತಾಂಶ ನೋಡಿ, ಹೆಣ್ಣುಮಕ್ಕಳದೇ ಮೇಲುಗೈ. ಅವರು ಸೊಪ್ಪೂ ಹಾಕುತ್ತಾರೆ, ಮುಸುರೆಯನ್ನೂ ತೊಳೆಯುತ್ತಾರೆ. ನನಗನ್ನಿಸುವುದು ಇಷ್ಟು: ಹುಡುಗ ಫೇಲಾದರೆ ಬಿಡದಿಯಲ್ಲಿ ಯಾವುದೋ ಕಾಂಟ್ರ್ಯಾಕ್ಟ್ ಕೆಲಸ ಸಿಗುತ್ತದೆ ಅನ್ನುವ ಧೈರ್ಯ ಇರುತ್ತದೆ. ಹುಡುಗಿ ಫೇಲಾದರೆ ಗಂಡು ನೋಡುತ್ತಾರೆ. ಆ ಭಯದಲ್ಲಿ ಓದಿದ್ದನ್ನು ನಾವು ‘ಹುಡುಗೀರು ಶ್ರದ್ಧೆಯಿಂದ ಓದ್ತಾರೆ’ ಅಂತ ಹೊಗಳಿ ಮುಗಿಸುತ್ತೇವೆ.

ಊರು ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ರಾಮನಗರ, ಚನ್ನಪಟ್ಟಣಕ್ಕೆ ಮೈಸೂರು ಲೈನಿನ ರೈಲಿದೆ. ಸೀಸನ್ ಪಾಸ್ ಮಾಡಿಸಿಕೊಂಡರೆ ಬೆಂಗಳೂರಿನ ಕಾಲೇಜು, ಕೋಚಿಂಗ್ ಎರಡೂ ಕೈಗೆಟುಕುತ್ತವೆ. ಕನಕಪುರ, ಮಾಗಡಿಗೆ ರೈಲೇ ಇಲ್ಲ, ಬಸ್ಸನ್ನೇ ನಂಬಬೇಕು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿಯಿತು. ಬಸ್ಸಿನಲ್ಲಿ ಕಳೆಯುವ ಗಂಟೆಗಳು ಉಳಿಯಲಿಲ್ಲ. 2025ರಲ್ಲಿ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಾಯಿತು, ದೂರ ಮಾತ್ರ ಮೊದಲಿನಷ್ಟೇ ಇದೆ.

ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡ ಅಂತರ ಹೊತ್ತಿನದು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಹುಟ್ಟಿದ ಶಿವಕುಮಾರ ಸ್ವಾಮೀಜಿ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳನ್ನು ಇಟ್ಟುಕೊಂಡು ಓದಿಸಿದರಲ್ಲ, ಅಲ್ಲಿ ಮಕ್ಕಳಿಗೆ ಸಿಕ್ಕಿದ್ದು ಪಾಠವಷ್ಟೇ ಅಲ್ಲ. ಊಟ, ಮಲಗಲು ಜಾಗ, ಓದುವ ವೇಳೆಗೆ ಒಂದು ಗಂಟೆ. ಮನೆ ಕೊಡಲಾಗದ್ದನ್ನು ಹಾಸ್ಟೆಲ್ ಕೊಟ್ಟಿತು. ಬಿಸಿಎಂ ಹಾಸ್ಟೆಲ್ ಸಿಕ್ಕವರನ್ನು ಕೇಳಿ, ಅವರೂ ಇದನ್ನೇ ಹೇಳುತ್ತಾರೆ.

ಈಗ ನಾನು ಇದನ್ನು ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ನನ್ನ ಗೆಳೆಯ ಪಿಯುನಲ್ಲಿ ಶೇ 68 ತೆಗೆದ, ಸಿಇಟಿ ಬರೆದ, ಗ್ರಾಮೀಣ ಕೋಟಾದಲ್ಲಿ ಎಂಜಿನಿಯರಿಂಗ್ ಸೀಟು ಪಡೆದ. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟು ಮೀಸಲಿಟ್ಟಿರುವುದು ಇಂಥವರಿಗಾಗಿಯೇ. ಸಿಇಟಿ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಎಸ್ಸೆಸ್ಸೆಲ್ಸಿ ಅಂಕ ಎಲ್ಲೂ ಬರುವುದಿಲ್ಲ. ಇವತ್ತು ಅವನ ಸಿಜಿಪಿಎ 8.1, ನನ್ನದು 7.6. ಮೊನ್ನೆ ಪ್ಲೇಸ್‌ಮೆಂಟ್ ಸೆಲ್‌ನವರು ಫಾರ್ಮ್ ತುಂಬಿಸಿಕೊಂಡರು. ಸೀನಿಯರ್‌ಗಳಿಗೆ ಬಂದಿದ್ದ ಕಂಪನಿಗಳ ಷರತ್ತನ್ನೂ ಬೋರ್ಡಿಗೆ ಹಾಕಿದ್ದರು: ಹತ್ತನೇ ತರಗತಿ, ಪಿಯು, ಬಿಇ ಮೂರರಲ್ಲೂ ಶೇ 60 ‘ಥ್ರೂಔಟ್’.

ಹದಿನೈದು, ಹದಿನಾರನೇ ವಯಸ್ಸಿನಲ್ಲಿ ಹುಳುಮನೆಯಲ್ಲಿ ಕಳೆದುಹೋದ ನಾಲ್ಕು ಪರ್ಸೆಂಟ್ ಕೆಲಸದ ಬಾಗಿಲಲ್ಲಿ ಅವನಿಗಾಗಿ ಕಾಯುತ್ತಿತ್ತು. ಫಾರ್ಮ್ ನೋಡಿ ಅವನು ನಕ್ಕ. ‘ಆ ವಾರ ಹುಳಕ್ಕೆ ಸೊಪ್ಪು ಹಾಕ್ತಿದ್ದೆ ಅಂತ ಎಲ್ಲಿ ಬರೀಲಿ ಮಗಾ? ಕಾಲಮ್ಮೇ ಇಲ್ವಲ್ಲ.’

ಕಂಪನಿಗಳ ಕಷ್ಟ ನನಗೂ ಅರ್ಥವಾಗುತ್ತದೆ. ಸಾವಿರಾರು ಅರ್ಜಿ ಬರುತ್ತವೆ, ಹೇಗೋ ಜರಡಿ ಹಿಡಿಯಬೇಕು. ಆದರೆ ಜರಡಿ ಎಂಥದ್ದು ಎಂದು ನೋಡಬೇಡವೇ? ಎಸ್ಸೆಸ್ಸೆಲ್ಸಿಯಲ್ಲಿ 2023ರಲ್ಲಿ ಪಾಸಾದವರು ಶೇ 83.89. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಗ್ರೇಸ್ ಅಂಕ ಹೆಚ್ಚಿಸಿದ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ರಾಜ್ಯದ ಮಕ್ಕಳೆಲ್ಲ ದಡ್ಡರಾದರೇ? ಕ್ಯಾಮೆರಾ ಇಟ್ಟರೆ ಹತ್ತು ಪರ್ಸೆಂಟ್ ಅಲುಗಾಡುವ ಪರೀಕ್ಷೆಯ ಅಂಕವನ್ನು, ಆರು ವರ್ಷದ ನಂತರ ಎಂಜಿನಿಯರ್ ಆಯ್ಕೆಗೆ ಗೆರೆ ಮಾಡುವುದು ಯಾವ ಎಂಜಿನಿಯರಿಂಗ್? ಪಕ್ಕದಲ್ಲೇ ಬಿಇ ಮಾರ್ಕ್ಸ್ ಕಾರ್ಡ್ ಇದೆ, ಪ್ರಾಜೆಕ್ಟ್ ಇದೆ, ಕಂಪನಿಯವರದೇ ಆನ್‌ಲೈನ್ ಟೆಸ್ಟ್ ಇದೆ. ಸರ್ಕಾರ ಗ್ರಾಮೀಣ ಕೋಟಾ ಎಂದು ಒಳಗೆ ಬಿಟ್ಟವನನ್ನು, ನಾಲ್ಕು ವರ್ಷ ಓದಿಸಿದ ಮೇಲೆ ಅದೇ ಹಳ್ಳಿ ಶಾಲೆಯ ಅಂಕ ತೋರಿಸಿ ಹೊರಗೆ ನಿಲ್ಲಿಸುವುದು ಸರಿಯಲ್ಲ.

ನಾವು ಕೆಲವರು ಸೇರಿ ಪ್ಲೇಸ್‌ಮೆಂಟ್ ಆಫೀಸರ್‌ಗೆ ಮನವಿ ಕೊಟ್ಟಿದ್ದೇವೆ: ಕಂಪನಿಗಳ ಜೊತೆ ಮಾತಾಡುವಾಗ ಹತ್ತನೇ ತರಗತಿಯ ಷರತ್ತು ಬಿಡಲು ಕೇಳಿ, ಕೇಳುವುದಕ್ಕೆ ಖರ್ಚಿಲ್ಲ. ‘ಕೇಳಿ ನೋಡ್ತೀನಿ’ ಅಂದಿದ್ದಾರೆ. ಬೇರೆ ಕಾಲೇಜುಗಳಲ್ಲೂ ನೀವು ಕೇಳಬಹುದು. ಒಂದು ಕಾಲೇಜಿನ ಮಾತಿಗಿಂತ ಹತ್ತು ಕಾಲೇಜಿನ ಮಾತು ಗಟ್ಟಿ.

ಗೇಟ್ ಪರೀಕ್ಷೆ ಬರೆಯಲು ಎಸ್ಸೆಸ್ಸೆಲ್ಸಿ ಪರ್ಸೆಂಟ್ ಅಡ್ಡ ಬರುವುದಿಲ್ಲವಾದ್ದರಿಂದ ಗೆಳೆಯ ಅದಕ್ಕೆ ಓದಲು ಶುರು ಮಾಡಿದ್ದಾನೆ. ನಿನ್ನೆ ಫೋನ್ ಮಾಡಿದಾಗ ಖುಷಿಯಲ್ಲಿದ್ದ. ಹುಳು ಮೂರನೇ ಜ್ವರಕ್ಕೆ ಕೂತಿದೆಯಂತೆ. ಜ್ವರಕ್ಕೆ ಕೂತ ಹುಳು ಸೊಪ್ಪು ತಿನ್ನುವುದಿಲ್ಲ, ಹಾಗಾಗಿ ಒಂದಿಡೀ ದಿನ ಓದಲು ಸಿಗುತ್ತದೆ ಎಂದ.